ಸೈದಪ್ಪ ಉಸ್ತಾದನ ಬಿಳಿ ಡಿಸ್ಕು

ಸೈದಪ್ಪನಿಗೆ ನಾವು ಮಾಡಿದ್ದು ಸರಿ ಎಂದು ಎಂಟು ತಿಂಗಳು ನಂಬಿದ್ದೆ. ಈಗಲೂ ಆಗಾಗ ನಂಬಲು ನೋಡುತ್ತೇನೆ. ನಂಬದಿದ್ದರೆ ಊಟ ಸೇರುವುದಿಲ್ಲ.

ನಾನು ಮಾಳಿಂಗ. ಅಫಜಲಪುರದ ಬಸ್‌ಸ್ಟ್ಯಾಂಡ್ ಎದುರಿಗೆ ನನ್ನ ಫೋಟೋ ಸ್ಟುಡಿಯೋ ಇದೆ. ನಮ್ಮ ಧಂದೆಯವರ ಹೊಟ್ಟೆಕಿಚ್ಚು ಎಂಥದ್ದೆಂದರೆ, ಜೇವರ್ಗಿಯ ಮೌಲಾಲಿ ಪುಣೆಯಿಂದ ಹಳೆಯದೊಂದು ಮ್ಯಾಕ್ ಕಂಪ್ಯೂಟರ್ ತಂದು ಗಾಜಿನ ಬಾಗಿಲಿಗೆ ಕಾಣುವಂತೆ ಇಟ್ಟ ಮೇಲೆ ಒಂದೇ ವರ್ಷದಲ್ಲಿ ಅಫಜಲಪುರ, ಜೇವರ್ಗಿ, ಆಳಂದ ಮೂರೂ ತಾಲೂಕಿನ ಸ್ಟುಡಿಯೋಗಳಿಗೆ ಮ್ಯಾಕ್ ಬಂತು. ತಂದವರಲ್ಲಿ ಒಬ್ಬನಿಗೂ ಅದನ್ನು ನಡೆಸಲು ಬರುತ್ತಿರಲಿಲ್ಲ. ಮದುವೆ ಆಲ್ಬಂ ಮಾಡುವ ಸಾಫ್ಟ್‌ವೇರ್ ಅದರಲ್ಲಿ ಕೂರಿಸಬೇಕೆಂದರೆ ಆಳಂದದ ಸೈದಪ್ಪನೇ ಬರಬೇಕು.

ನಲವತ್ತೈದರ ಆಸುಪಾಸಿನ ಸಣಕಲು ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಲ್ಲಿ ಚೀಲ, ಚೀಲದಲ್ಲಿ ಕರವಸ್ತ್ರದಲ್ಲಿ ಸುತ್ತಿದ ಹಾರ್ಡ್‌ಡಿಸ್ಕ್. ಆಳಂದದಿಂದ ಕಲಬುರಗಿಗೆ ಒಂದು ಬಸ್ಸು, ಅಲ್ಲಿಂದ ಚೌಡಾಪುರದ ಮೇಲೆ ಅಫಜಲಪುರಕ್ಕೆ ಇನ್ನೊಂದು ಬಸ್ಸು. ಬಂದವನು ಮೊದಲು ಕೈ ತೊಳೆಯುತ್ತಿದ್ದ. ಯಾರಾದರೂ ಮೆಕ್ಯಾನಿಕ್ ಎಂದು ಕರೆದರೆ ಮುಖ ಬಿಗಿಯುತ್ತಿದ್ದ. "ಮೆಕ್ಯಾನಿಕ್ ಮೋಟಾರ ರಿಪೇರಿ ಮಾಡ್ತಾನ್ರಿ. ನಾ ಉಸ್ತಾದ ಇದ್ದೇನಿ," ಎನ್ನುತ್ತಿದ್ದ. ನಾವೂ ಹಾಗೆಯೇ ಕರೆದೆವು. ಆ ಒಂದು ಮಾತಿಗಾಗಿ ಅವನು ಎಷ್ಟು ದೂರ ಬೇಕಾದರೂ ಬಸ್ಸಿನಲ್ಲಿ ನಿಂತು ಬರುವವನು. ಅವನಿಗೆ ಇದ್ದ ಆಸ್ತಿ ಅದೊಂದೇ.

ಅವನ ಕೆಲಸದ ರೀತಿ ಹೀಗೆ. ಮ್ಯಾಕ್‌ನಲ್ಲಿ ಸಾಫ್ಟ್‌ವೇರ್ ಒಂದು ಕಟ್ಟಿದ ಗಂಟಿನ ಹಾಗೆ ಒಂದೇ ಫೈಲಿನಲ್ಲಿ ಬರುತ್ತದೆ. ಅದನ್ನು ಒತ್ತಿದರೆ ಪರದೆಯ ಮೇಲೆ ಬಿಳಿ ಡಿಸ್ಕಿನ ಚಿತ್ರವೊಂದು ಮೂಡುತ್ತದೆ, ಜೊತೆಗೆ ಸಣ್ಣ ಕಿಟಕಿ ತೆರೆಯುತ್ತದೆ. ಕಿಟಕಿಯಲ್ಲಿ ಸಾಫ್ಟ್‌ವೇರಿನ ಚಿತ್ರ ಇರುತ್ತದೆ. ಸೈದಪ್ಪ ಅದನ್ನು ಅಲ್ಲೇ ಎರಡು ಸಲ ಒತ್ತುತ್ತಿದ್ದ. ಸಾಫ್ಟ್‌ವೇರ್ ಶುರುವಾಗುತ್ತಿತ್ತು. ಆಮೇಲೆ ಬೆರಳೆತ್ತಿ ನಮಗೆ ಹೇಳುತ್ತಿದ್ದ: "ಈ ಬಿಳಿ ಡಿಸ್ಕ್ ಇರೂತನಕ ಸಾಫ್ಟ್‌ವೇರ್ ಇರ್ತದ. ಇದನ್ನ ಮುಟ್ಟಬ್ಯಾಡ್ರಿ. ಮಷೀನ್ ಬಂದ್ ಮಾಡಬ್ಯಾಡ್ರಿ."

ನಾವು ಬಂದ್ ಮಾಡಲಿಲ್ಲ. ಬಟನ್ನಿನ ಮೇಲೆ ಕರಿ ಟೇಪು ಅಂಟಿಸಿದೆವು. ಆದರೂ ಕರೆಂಟು ಹೋಗಿ, ಬ್ಯಾಟರಿಯೂ ಇಳಿದು, ಮಷೀನು ಆರಿಹೋಗುವ ದಿನ ಬರುತ್ತಿತ್ತು. ಮತ್ತೆ ಚಾಲೂ ಮಾಡಿದರೆ ಬಿಳಿ ಡಿಸ್ಕು ಮಾಯ. ಕೆಳಗಿನ ಸಾಲಿನಲ್ಲಿ ಸಾಫ್ಟ್‌ವೇರಿನ ಜಾಗದಲ್ಲಿ ಒಂದು ಪ್ರಶ್ನೆಯ ಗುರುತು ಕೂತಿರುತ್ತಿತ್ತು. ಆಗ ಆಳಂದಕ್ಕೆ ಫೋನು. ಲಗ್ನದ ಸೀಸನ್ನಿನಲ್ಲಿ ಅವನು ಮೂರು ದಿನ ಕಾಯಿಸಿದ್ದೂ ಉಂಟು. ಮೂಲ ಫೈಲನ್ನು ಅವನು ಫೋಲ್ಡರಿನೊಳಗೆ ಫೋಲ್ಡರು ಮಾಡಿ ನಮಗೆ ಸಿಗದಂತೆ ಇಡುತ್ತಿದ್ದ. ಹೊರಗೆ ಇಟ್ಟಾಗ ಜಾಗ ತಿನ್ನುತ್ತದೆಂದು ನಾವೇ ಅಳಿಸಿ ಹಾಕಿದ್ದೆವು ಎನ್ನುವುದೂ ನಿಜ, ಆದರೆ ಸಿಟ್ಟು ಬಂದವನಿಗೆ ಅದು ನೆನಪಿಗೆ ಬರುವುದಿಲ್ಲ.

ಕೆಲಸ ಮಾಡುವಾಗ ನಮ್ಮನ್ನು ಹೊರಗೆ ಕಳಿಸುತ್ತಿದ್ದ. ಒಮ್ಮೆ ಬಾಗಿಲ ಪರದೆಯ ಸಂದಿಯಿಂದ ನೋಡಿದೆ. ತೊಡೆಯ ಮೇಲೆ ಒಂದು ನೋಟ್‌ಬುಕ್ಕು. ಮಷೀನು ತೋರಿಸುವ ಇಂಗ್ಲಿಷ್ ತಕರಾರುಗಳನ್ನು ಅಕ್ಷರದ ಆಕಾರ ನೋಡಿ ಚಿತ್ರ ಬರೆದಂತೆ ಬರೆದುಕೊಂಡಿದ್ದ, ಪಕ್ಕದಲ್ಲಿ ಕನ್ನಡದಲ್ಲಿ ಉಪಾಯ. 'ಹೀಂಗ ಬಂದ್ರ ಫೈಲ್ ಅರ್ಧಾ ಇಳದದ, ಸೈಜ್ ನೋಡು.' 'ಹೀಂಗ ಬಂದ್ರ ಬಲಕ್ಕ ಒತ್ತಿ ಓಪನ್ ಮಾಡು.' ಏಳನೆಯ ಇಯತ್ತೆಯವರೆಗೆ ಓದಿದ ಮನುಷ್ಯ ಮೂರು ತಾಲೂಕಿನ ಮ್ಯಾಕುಗಳನ್ನು ಆ ನೋಟ್‌ಬುಕ್ಕಿನಿಂದ ಆಳುತ್ತಿದ್ದ. ನನಗೆ ಆಗ ನಗು ಬಂತು. ಹೊರಗೆ ಬಂದು ಮತ್ತೆ "ಉಸ್ತಾದ್ರ, ಚಹಾ?" ಎಂದೆ.

ಇದು ಏಳು ವರ್ಷ ನಡೆಯಿತು.

ನನ್ನ ಸ್ಟುಡಿಯೋದಲ್ಲಿ ಎಡಿಟಿಂಗ್ ಮಾಡುವವಳು ಶಾಹೀನ. ಹೆಣ್ಣುಮಕ್ಕಳ ಕಾರ್ಯಕ್ರಮದ ವಿಡಿಯೋ ಎಲ್ಲ ಅವಳದೇ. ಹೋದ ವರ್ಷ ಒಂದು ಮಧ್ಯಾಹ್ನ ಪ್ರಶ್ನೆಯ ಗುರುತು ಬಂತು, ಸೈದಪ್ಪನ ಫೋನು ಹತ್ತಲಿಲ್ಲ. ಅವಳು ಫೋಲ್ಡರುಗಳನ್ನೆಲ್ಲ ಜಾಲಾಡಿ ಫೈಲು ಹುಡುಕಿ ಒತ್ತಿದಳು. ಕಿಟಕಿ ತೆರೆಯಿತು. "ಅಣ್ಣಾ, ಇಲ್ ನೋಡ್ರಿ," ಎಂದು ಕರೆದಳು. ಕಿಟಕಿಯಲ್ಲಿ ಎಡಕ್ಕೆ ಸಾಫ್ಟ್‌ವೇರಿನ ಚಿತ್ರ, ಬಲಕ್ಕೆ ಒಂದು ಫೋಲ್ಡರು, ನಡುವೆ ಇಷ್ಟು ದಪ್ಪ ಬಾಣ. "ಇದನ್ನ ಎಳದು ಅದ್ರಾಗ ಹಾಕು ಅಂತ ಬಾಣ ಬರದಾರಲ್ರಿ?" ಎಂದು ಎಳೆದು ಹಾಕಿದಳು. ಒಂದು ಪಟ್ಟಿ ಓಡಿತು, ಅಷ್ಟೇ. ಟೇಪು ಕಿತ್ತು ಮಷೀನು ಬಂದ್ ಮಾಡಿದಳು. ನಾನು ಬ್ಯಾಡ ಎನ್ನುವುದರೊಳಗೆ ಪರದೆ ಆರಿತು. ಮತ್ತೆ ಚಾಲೂ ಮಾಡಿದಾಗ ಸಾಫ್ಟ್‌ವೇರ್ ಇದ್ದಲ್ಲೇ ಇತ್ತು.

ಏಳು ವರ್ಷ! ಏಳು ವರ್ಷ ಆ ಬಾಣ ನಮ್ಮ ಮಷೀನಿನೊಳಗೇ ಇತ್ತು. ನಮ್ಮನ್ನು ಯಾಕೆ ಹೊರಗೆ ನಿಲ್ಲಿಸುತ್ತಿದ್ದ, ಫೈಲು ಯಾಕೆ ಬಚ್ಚಿಡುತ್ತಿದ್ದ ಎಲ್ಲ ಹೊಂದಿಕೊಂಡಿತು ಎಂದು ನನಗೆ ಅನ್ನಿಸಿತು. ಮತ್ತೆ ಮತ್ತೆ ಕರೆಸಿಕೊಳ್ಳಲು ಬೇಕೆಂದೇ ಅರ್ಧ ಕೆಲಸ ಮಾಡಿ ಹೋಗುತ್ತಿದ್ದಾನೆ ಹರಾಮಿ! ಮೌಲಾಲಿಗೆ ಫೋನ್ ಮಾಡಿದೆ. ಅವನು ಕೂಗಾಡಿದ್ದು ಕೇಳಿ ನನ್ನ ಸಿಟ್ಟು ಇನ್ನಷ್ಟು ಏರಿತು.

ಸೈದಪ್ಪನಿಗೆ ಸುಳ್ಳು ಹೇಳಿ ಕರೆಸಿದೆವು. "ಉಸ್ತಾದ್ರ, ಪ್ರಶ್ನಿ ಬಂದದ, ಲಗೂ ಬರ್ರಿ," ಎಂದೆ. ಎರಡು ಬಸ್ಸು ಹಿಡಿದು ಬಂದ, ಕೈ ತೊಳೆದ. ಈ ಸಲ ನಾವು ಹೊರಗೆ ಹೋಗಲಿಲ್ಲ. ಮೌಲಾಲಿ ಮದುವೆಗೆ ಹಚ್ಚುವ ಲೈಟು ಎರಡನ್ನು ಅವನ ಮುಖಕ್ಕೆ ತಿರುಗಿಸಿ ಹಚ್ಚಿದ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಚಾಲೂ ಮಾಡಿದ. ಐದಾರು ಜನ ಸ್ಟುಡಿಯೋದವರು ಸುತ್ತ ನಿಂತಿದ್ದರು.

"ಲೇ ಸೈದ್ಯಾ," ಎಂದೆ ನಾನು. ಏಳು ವರ್ಷದಲ್ಲಿ ಹಾಗೆ ಕರೆದದ್ದು ಅದೇ ಮೊದಲು. "ಈ ಬಾಣ ಏನು?"

ಅವನು ಕಣ್ಣು ಕಿರಿದು ಮಾಡಿ ನೋಡಿದ. "ಅದು ಕಂಪನಿ ಮಾರ್ಕಾ ಅಲ್ರಿ?"

ಎಲ್ಲರೂ ಹೋ ಎಂದು ನಕ್ಕರು. ಕಡ್ಡಿಪೆಟ್ಟಿಗೆಯ ಮೇಲಿನ ಚಿತ್ರದ ಹಾಗೆ ಅಂದುಕೊಂಡಿದ್ದನಂತೆ! ನಾನು ಅವನ ಎದುರಿಗೇ ಎಳೆದು ಹಾಕಿ, ಮಷೀನು ಬಂದ್ ಮಾಡಿ, ಚಾಲೂ ಮಾಡಿ ತೋರಿಸಿದೆ. ಅವನು ಪರದೆಯನ್ನು ನೋಡುತ್ತಲೇ ಇದ್ದ. ಬೆಳಕಿಗೆ ಹಣೆಯಲ್ಲಿ ಬೆವರು ಇಳಿಯಿತು.

"ಬಂದ್ ಮಾಡಿದ್ರೂ ಇರ್ತದೇನ್ರಿ?" ಎಂದು ಮೆಲ್ಲಗೆ ಕೇಳಿದ.

"ನಾಟಕ ಮಾಡಬ್ಯಾಡ," ಎಂದೆ. "ಎರಡು ಮಾತು ಅದಾವ. ಇದು ನಿನಗ ಗೊತ್ತಿದ್ದಿಲ್ಲ ಅಂದ್ರ ನೀ ಉಸ್ತಾದ ಅಲ್ಲ, ಏನೂ ತಿಳೀದ ಕತ್ತೆ. ಗೊತ್ತಿತ್ತು ಅಂದ್ರ ಕಳ್ಳ. ಯಾವುದು ಹೇಳು. ಕ್ಯಾಮೆರಾ ನೋಡಿ ಹೇಳು."

ಅವನು ಬಹಳ ಹೊತ್ತು ತಗೊಂಡ. ನೋಟ್‌ಬುಕ್ಕು ತೊಡೆಯ ಮೇಲೇ ಇತ್ತು, ಅದರ ಮೇಲೆ ಕೈ ಇಟ್ಟುಕೊಂಡಿದ್ದ. ಕಡೆಗೆ ಕ್ಯಾಮೆರಾ ನೋಡಿ, "ಗೊತ್ತಿತ್ತು," ಎಂದ.

ಮೌಲಾಲಿ ಅವನಿಗೆ ಕಿವಿ ಹಿಡಿಸಿದ. 'ನಾ ಕಳ್ಳ ಇದ್ದೇನಿ' ಎಂದು ಮೂರು ಸಲ ಹೇಳಿಸಿದ. ಹಾರ್ಡ್‌ಡಿಸ್ಕು ನಾನು ಕಸಿದುಕೊಂಡೆ. ಶಾಹೀನ ಮಾತ್ರ, "ಸಾಕ್ರಿ ಅಣ್ಣಾ, ಬಿಡ್ರಿ," ಎಂದು ಒಳಕ್ಕೆ ಹೋದಳು. ಅವನು ಬಸ್‌ಸ್ಟ್ಯಾಂಡಿಗೆ ಹೋಗುವುದರೊಳಗೆ ವಿಡಿಯೋ ನಮ್ಮ ಸ್ಟುಡಿಯೋ ಗ್ರೂಪಿಗೆ ಹೋಗಿತ್ತು. ಅದಕ್ಕೆ ನಗುವ ಮುಖ ಮೊದಲು ಹಾಕಿದವನು ನಾನೇ.

ಎಂಟು ತಿಂಗಳ ಮೇಲೆ ನನಗೆ ಅವನ ಅಗತ್ಯ ಬಿತ್ತು. ಪಶ್ಚಾತ್ತಾಪದಿಂದ ಹೋದೆ ಎಂದು ಯಾರೂ ತಿಳಿಯಬೇಡಿ. ಆಳಂದದಲ್ಲೇ ಒಂದು ಲಗ್ನದ ಕೆಲಸ, ಸಂಜೆಯೊಳಗೆ ಆಲ್ಬಂ ಬೇಕು, ಅದಕ್ಕೆ ನಮ್ಮ ಮಷೀನಿನಲ್ಲಿ ಇರದಿದ್ದ ಹಳೆಯದೊಂದು ಸಾಫ್ಟ್‌ವೇರೇ ಆಗಬೇಕು. ಅವನ ಹಾರ್ಡ್‌ಡಿಸ್ಕಿನಲ್ಲಿದ್ದ ಫೈಲು ಮೂರು ದಿನದಿಂದ ಏನು ಮಾಡಿದರೂ ತೆರೆದಿರಲಿಲ್ಲ. ಶಾಹೀನಳೂ ಕೈಚೆಲ್ಲಿದಳು. ಹಾರ್ಡ್‌ಡಿಸ್ಕ್ ಜೇಬಿಗೆ ಹಾಕಿಕೊಂಡು ಮನೆ ಕೇಳುತ್ತ ಹೋದೆ.

ಅವನ ಹೆಂಡತಿ ಗಂಗುಬಾಯಿ ಬಾಗಿಲು ತೆಗೆದಳು. ಅವನು ತೊಗರಿ ಮಿಲ್ಲಿಗೆ ಚೀಲ ಹೊರಲು ಹೋಗುತ್ತಾನಂತೆ, ಊಟಕ್ಕೆ ಬರುವ ಹೊತ್ತು. "ಕೂಡ್ರಿ ಅಣ್ಣಾರ," ಎಂದು ಚಾಪೆ ಹಾಸಿದಳು. ನನ್ನ ಗುರುತು ಅವಳಿಗೆ ಇರಲಿಲ್ಲ. ಮೂಲೆಯಲ್ಲಿ ಒಂದು ಹಳೆ ಮ್ಯಾಕ್ ಮೇಲೆ ಟವೆಲು ಹೊದಿಸಿತ್ತು. ಮಷೀನಿನೊಳಗೆ ಫ್ಯಾನು ಗುರ್ ಎನ್ನುತ್ತಿತ್ತು.

"ಚಾಲೂ ಅದಲ್ಲ ವೈನಿ?"

"ಯಾವತ್ತೂ ಚಾಲೂನೇ ಇರ್ತದ್ರಿ. ಬಂದ್ ಆತಂದ್ರ ಎಲ್ಲಾ ಹೋಗ್ತದಂತ. ಕರೆಂಟ್ ಹೋದ್ರ ಮನ್ಯಾಗ ಒಂದು ದೀಪಾ ಹಚ್ಚಂಗಿಲ್ರಿ, ಬ್ಯಾಟರಿ ಎಲ್ಲಾ ಅದಕ್ಕ." ಅವಳು ಟವೆಲು ಸರಿಪಡಿಸಿದಳು. "ಮೂರು ವರ್ಷದ ಹಿಂದ ನಮ್ಮವ್ವ ತೀರಿದ್ಲು, ತವರೂರು ಘತ್ತರಗ್ಯಾಗ. ಅವತ್ತ ಮುಂಜಾನಿಯಿಂದ ಕರೆಂಟ್ ಇರ್ಲಿಲ್ಲ. ಇವರು ಬ್ಯಾಟರಿ ಕಾಯ್ಕೋತ ಕುಂತ್ರು, ಮಣ್ಣಿಗೆ ಬರ್ಲಿಲ್ಲ. ನನಗೂ ಲಗೂನ ಬಿಡ್ಲಿಲ್ಲ, ಒಬ್ಬನ ಕೈಲೆ ಆಗಂಗಿಲ್ಲ ಅಂದ್ರು. ನಾ ಹೋಗೂದ್ರಾಗ ಮಣ್ಣು ಮುಚ್ಚಿದ್ರು. ಅವ್ವನ ಮಾರಿ ಕಡೀಕ ನೋಡ್ಲಿಕ್ಕೂ ಸಿಗ್ಲಿಲ್ರಿ." ಮತ್ತೆ ಹೇಳಿದಳು: "ಈಗ ಮಂದಿ ಇವರಿಗೆ ಕಳ್ಳ ಅಂತಾರ. ಇವರೂ ಹೌದಂತಾರ. ಇರ್ಲಿ, ಹೊಟ್ಟಿ ಸಲುವಾಗಿ ಮಾಡ್ಯಾರ. ಆದ್ರ ಅವತ್ತ ಯಾಕ ಹಂಗ ಕುಂತ್ರು ಅನ್ನೂದ ತಿಳೀವಲ್ದು."

ಚಹಾ ಇಡಲು ಒಳಗೆ ಹೋದಳು. ನಾನು ಟವೆಲು ಸರಿಸಿದೆ. ಪರದೆಯ ಮೇಲೆ ಆರು ಬಿಳಿ ಡಿಸ್ಕುಗಳು ಸಾಲಾಗಿ ನಿಂತಿದ್ದವು. ಕಳ್ಳ ತನ್ನ ಮನೆಯಲ್ಲಿ ತನಗೇ ಮೋಸ ಮಾಡಿಕೊಳ್ಳುತ್ತಾನೆಯೇ? ಅವನಿಗೆ ಗೊತ್ತಿರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ. ಆಲ್ಬಂ ಸಾಫ್ಟ್‌ವೇರಿನ ಡಿಸ್ಕು ಒತ್ತಿದೆ, ಕಿಟಕಿ ತೆರೆಯಿತು, ಬಾಣ ಕಂಡಿತು. ಕೈ ರೂಢಿಯಂತೆ ಚಿತ್ರವನ್ನು ಎಳೆದು ಫೋಲ್ಡರಿಗೆ ಹಾಕಿತು. ಯೋಚನೆ ಮಾಡಿ ಮಾಡಿದ್ದಲ್ಲ.

ಸೈದಪ್ಪ ಬಂದ. ಮೈತುಂಬ ಬೇಳೆಯ ಧೂಳು. ನನ್ನನ್ನು ಕಂಡು ಬಾಗಿಲಲ್ಲೇ ನಿಂತ.

"ನಿನಗ ಗೊತ್ತಿದ್ದಿಲ್ಲಲ್ಲ?" ಎಂದೆ.

ಅವನು ಅಡುಗೆಮನೆಯ ಕಡೆ ನೋಡಿದ. "ಮೆಲ್ಲಕ ಮಾತಾಡ್ರಿ ಮಾಲಕ್ರ. ಏನೂ ತಿಳೀದ ಮನಷ್ಯಾ ಅಂತ ಇಕಿಗೆ ಗೊತ್ತಾಗೂದು ಬ್ಯಾಡ. ಕಳ್ಳ ಅಂದ್ರ ಹ್ಯಾಂಗರ ಸಂಸಾರ ಮಾಡ್ತಾಳ."

"ಬಾಣ ತೋರ್ಸಿ ಎಂಟು ತಿಂಗಳಾತು. ಇನ್ನೂ ಯಾಕ ಹೀಂಗ ಇಟ್ಟಿ?"

"ಬಂದ್ ಮಾಡಿ ಎಲ್ಲಾ ಉಳೀತಂದ್ರ, ಅವ್ವನ ಮಣ್ಣಿನ ದಿನ ಯಾಕ ಕುಂತ್ರಿ ಅಂತ ಇಕಿ ಕೇಳ್ತಾಳಲ್ರಿ," ಎಂದ.

ನಾನು ಹಾರ್ಡ್‌ಡಿಸ್ಕ್ ಕೊಟ್ಟೆ. ಕೈ ತೊಳೆದು ಕುಳಿತ. ನೋಟ್‌ಬುಕ್ಕು ತೆಗೆದು ಫೈಲಿನ ಸೈಜು ತಾಳೆ ನೋಡಿದ. ನಾನು ಕಸಿದುಕೊಂಡ ಮೇಲೆ ಫೈಲನ್ನು ತೆಗೆದು ಮತ್ತೆ ಅದಕ್ಕೇ ಕಾಪಿ ಮಾಡುವಾಗ ನಡುವೆ ವೈರು ಕಿತ್ತಿದ್ದೆನಂತೆ, ಫೈಲು ಅರ್ಧ ಉಳಿದಿತ್ತು. ತನ್ನ ಮಷೀನಿನಿಂದ ಪೂರಾ ಫೈಲು ಹಾಕಿಕೊಟ್ಟ. ಇಪ್ಪತ್ತು ನಿಮಿಷದ ಕೆಲಸ. ನಾವು ಮೂರು ದಿನ ಒದ್ದಾಡಿದ್ದೆವು.

ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಕೀಂ ಎಂದು ಕೂಗತೊಡಗಿತು. ಗಂಗುಬಾಯಿ ಚಹಾ ಬಿಟ್ಟು ಓಡಿ ಬಂದಳು, ಬ್ಯಾಟರಿ ಉಳಿಯಲೆಂದು ಸೀಲಿಂಗ್ ಫ್ಯಾನು ಆರಿಸಿದಳು. ಸೈದಪ್ಪ ಬ್ಯಾಟರಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಅದರ ಸಡಿಲ ತಂತಿ ಒತ್ತಿ ಹಿಡಿದ. ಗಂಡ ಹೆಂಡತಿ ಇಬ್ಬರಿಗೂ ಇದು ಕಣ್ಣು ಮುಚ್ಚಿ ಬರುವ ಕೆಲಸ. ಹಳೆಯ ಬ್ಯಾಟರಿ, ಹೊಸದು ತರುವ ಶಕ್ತಿ ಎಲ್ಲಿಂದ ಬರಬೇಕು? ಹತ್ತು ನಿಮಿಷಕ್ಕೆ ಪರದೆ ಕಪ್ಪಾಯಿತು. ಗಂಗುಬಾಯಿ ಬಾಯಿಗೆ ಸೆರಗು ಹಿಡಿದಳು.

ಕರೆಂಟು ಬಂದಾಗ ಅವಳೇ ಬಟನ್ ಒತ್ತಿದಳು. ಕೆಳಗಿನ ಸಾಲಿನಲ್ಲಿ ಪ್ರಶ್ನೆಯ ಗುರುತುಗಳು ಬಂದವು. ಬೆರಳಿಟ್ಟು ಎಣಿಸಿದಳು, ಐದು. ಆರನೆಯದರ ಮೇಲೆ ಬೆರಳು ನಿಂತಿತು. ಅಲ್ಲಿ ಆಲ್ಬಂ ಸಾಫ್ಟ್‌ವೇರಿನ ಚಿತ್ರ ಹಾಗೆಯೇ ಇತ್ತು.

"ಇದೊಂದು ಹ್ಯಾಂಗ ಉಳೀತ್ರಿ?"

ಸೈದಪ್ಪ ನನ್ನ ಕಡೆ ನೋಡಿದ. ಆ ನೋಟವನ್ನು ಸಹಿಸಲಾಗದೆ, ಬೇಗ ಅಲ್ಲಿಂದ ಹೋದರೆ ಸಾಕೆನ್ನಿಸಿ, ಹೇಳಿಬಿಟ್ಟೆ: "ಒಂದ್ ಸಲ ಎಳದು ಹಾಕಿದ್ರ ಆತು ವೈನಿ. ಮಷೀನ್ ಬಂದಾದ್ರೂ ಹೋಗಂಗಿಲ್ಲ."

ಅವಳು ಗಂಡನತ್ತ ತಿರುಗಿದಳು. "ನಮ್ಮವ್ವ ಸತ್ತ ದಿನ ನಿಮಗ ಇದು ಗೊತ್ತಿತ್ತೇನ್ರಿ?"

ಸ್ಟುಡಿಯೋದಲ್ಲಿ ನಾವು ಲೈಟು ಹಚ್ಚಿ ಕೇಳಿದ್ದೂ ಇದನ್ನೇ. ಅವತ್ತಿನಷ್ಟೇ ಹೊತ್ತು ತಗೊಂಡ. ತಂತಿ ಇನ್ನೂ ಕೈಯಲ್ಲೇ ಇತ್ತು.

"ಗೊತ್ತಿದ್ದಿಲ್ಲ ಬೇ," ಎಂದ.

ಗಂಗುಬಾಯಿ ಅಳಲಿಲ್ಲ, ಬೈಯಲಿಲ್ಲ. "ಹಂಗಾದ್ರ ಅವ್ವನ ಮಾರಿ ಸುಮ್ನ ಹೋತು," ಎಂದಳು. ಗೋಡೆಯ ಕಡೆ ಹೋಗಿ ಮಷೀನಿನ ಪ್ಲಗ್ಗು ಕಿತ್ತು ಕೆಳಗೆ ಹಾಕಿದಳು. ಆ ಮನೆಯಲ್ಲಿ ವರ್ಷಗಟ್ಟಲೆ ಗುರ್ ಎನ್ನುತ್ತಿದ್ದ ಮಷೀನಿನ ಫ್ಯಾನು ನಿಂತಿತು.

ಲಗ್ನದವರು ಕಾಯುತ್ತಿದ್ದರು. ಹಾರ್ಡ್‌ಡಿಸ್ಕನ್ನು ಮತ್ತೆ ಜೇಬಿಗೆ ಹಾಕಿಕೊಂಡು ಬಂದೆ. ಅದು ಅವನದೆಂದು ದಾರಿಯಲ್ಲಿ ನೆನಪಾಯಿತು, ತಿರುಗಿ ಹೋಗಲಿಲ್ಲ. ಆಲ್ಬಂ ಚೆನ್ನಾಗಿ ಬಂತು.

ವಿಡಿಯೋ ಗ್ರೂಪಿನಲ್ಲಿ ಇನ್ನೂ ಇದೆ. ತೆಗೆಯಿರಿ ಎಂದರೆ ಮೌಲಾಲಿ ಯಾಕೆ ಎನ್ನುತ್ತಾನೆ. ಸೈದಪ್ಪನಿಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಮೂರು ತಾಲೂಕು ಮತ್ತೊಮ್ಮೆ ನಗುತ್ತದೆ, ಹೇಳದಿದ್ದರೆ ಅವನು ಕಳ್ಳನಾಗಿಯೇ ಉಳಿಯುತ್ತಾನೆ. ನಾನು ಹೇಳಿಲ್ಲ. ಅವನ ಒಳ್ಳೆಯದಕ್ಕೇ ಹೇಳಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.