ಬೂಜಮಾ ಕೊಂಡ ಸೊಟ್ಟ ಫ್ರೇಮು

ನನ್ನ ಭಾವ ಬೂಜಮಾ ಹೇಸರಗತ್ತೆ ಮಾರಿ ಸೈಕಲ್ಲಿನ ಫ್ರೇಮು ಕೊಳ್ಳಲು ಹೊರಟಾಗ ಊರಿಗೆ ಊರೇ ನಕ್ಕಿತು. ನಾನೂ ನಕ್ಕೆ. ಅಕ್ಕ ತೂದಾ ಮಾತ್ರ ನಗಲಿಲ್ಲ. "ನಾಲ್ಕು ಕಾಲಿನದನ್ನ ಮಾರಿ ಕಾಲೇ ಇಲ್ಲದ್ದನ್ನ ತರೋಕೆ ಹೊರಟಿದ್ದೀಯ. ಕುಂಟೋದನ್ನ ಮಾತ್ರ ತರಬೇಡ," ಎಂದು ಒಳಗೆ ಹೋದಳು.

ಬೂಜಮಾನದು ಅಟ್ಲಾಸ್ ಬೆಟ್ಟದ ಹೇಸರಗತ್ತೆಯವರ ಮನೆತನ. ಪರದೇಶದವರು ಬೆಟ್ಟದ ಸೈಕಲ್ ತುಳಿಯುತ್ತ ಕಣಿವೆ ದಾಟುವಾಗ ಅವರ ಗಂಟುಮೂಟೆ ಹೊತ್ತು ಹಿಂದೆ ಬರುತ್ತಿದ್ದದ್ದು ಇವನ ಪ್ರಾಣಿ. ಒಬ್ಬ ಸವಾರ ತನ್ನ ದೇಶಕ್ಕೆ ವಾಪಸ್ಸು ಹೋಗುವಾಗ ತನ್ನ ಸೈಕಲ್ಲನ್ನು ಇವನಿಗೇ ಬಿಟ್ಟುಹೋದ, ಬಿಚ್ಚಿ ಜೋಡಿಸುವುದನ್ನೂ ಕಲಿಸಿಹೋದ. ಅಲ್ಲಿಗೆ ಹುಚ್ಚು ಹಿಡಿಯಿತು. ನಲವತ್ತು ದಾಟಿದ ಗಂಡಸು ಜಿಲ್ಲಾಬದ ಉದ್ದ ನಿಲುವಂಗಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕಲ್ಲಿನ ಇಳಿಜಾರಿನಲ್ಲಿ ಬರುವುದನ್ನು ನೋಡಿ ಹೆಂಗಸರು ಮುಖ ತಿರುಗಿಸಿ ನಗುತ್ತಿದ್ದರು. ಆದರೆ ಆ ಇಳಿಜಾರಿನಲ್ಲಿ ಅವನಷ್ಟು ಹಗುರಾಗಿ ಇಳಿಯುವವನು ನಮ್ಮ ಕಣಿವೆಯಲ್ಲಿ ಇನ್ನೊಬ್ಬನಿರಲಿಲ್ಲ, ಇದನ್ನು ನಾನು ಒಪ್ಪಲೇಬೇಕು.

ಆಮೇಲೆ ಕಣಿವೆಗೆ ಡಾಂಬರು ಬಂತು. ಗಂಟುಮೂಟೆ ಜೀಪು ಹತ್ತಿತು, ಹೇಸರಗತ್ತೆ ಅಂಗಳದಲ್ಲಿ ನಿಂತು ತಿನ್ನತೊಡಗಿತು. ಪ್ರವಾಸದ ಗುಂಪುಗಳನ್ನು ಕರೆತರುವ ಯಜಮಾನ ಬೂಜಮಾನಿಗೆ ಹೇಳಿ ಕಳಿಸಿದ: ಮುಂದಿನ ವಾರದ ಭಾನುವಾರ ಹೊಸ ಗುಂಪು ಬರುತ್ತದೆ, ದಾರಿ ತೋರಿಸಲು ನೀನೇ ಮುಂದೆ ತುಳಿ, ಸೈಕಲ್ಲು ನಿನ್ನದೇ ಇರಬೇಕು, ಇಲ್ಲದಿದ್ದರೆ ಬೇರೆಯವನನ್ನು ನೋಡುತ್ತೇನೆ. ಅದೇ ಹೊತ್ತಿಗೆ ಅವನ ಸೈಕಲ್ಲಿನ ಫ್ರೇಮು ಪೆಡಲ್ಲಿನ ಬುಡದಲ್ಲಿ ಸೀಳಿತು. ಊರಿನ ಕಮ್ಮಾರ ಅದನ್ನು ತಿರುಗಿಸಿ ನೋಡಿ ವಾಪಸ್ಸು ಕೊಟ್ಟ. "ಇದು ಅಲ್ಯೂಮಿನಿಯಂ ಕಣಯ್ಯ. ನನ್ನ ಬೆಂಕಿಗೆ ಇಟ್ರೆ ಕರಗಿ ಹೋಗುತ್ತೆ. ಉಕ್ಕಿನದು ತಗೊಂಡು ಬಾ, ನಾನು ಬದುಕಿರೋ ತನಕ ಅದೂ ಬದುಕಿರುತ್ತೆ."

ಹೀಗೆ ಶನಿವಾರದ ಸಂತೆಯಲ್ಲಿ ಹೇಸರಗತ್ತೆ ಹೋಯಿತು. ನಮ್ಮಲ್ಲಿ ಮಾರಿದ ಪ್ರಾಣಿಯ ಜೊತೆ ಹಗ್ಗ ಕೊಡುವುದಿಲ್ಲ, ಅದು ಮುಂದಿನ ಪ್ರಾಣಿಗೆ. ಬೂಜಮಾ ಮೇಕೆಕೂದಲಿನ ಆ ಹುರಿಯನ್ನು ಸುತ್ತಿ ಜಿಲ್ಲಾಬದ ಬೆನ್ನಿಗೆ ಜೋತ ಟೋಪಿಯೊಳಗೆ ಇಟ್ಟುಕೊಂಡ. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

ಗುರುವಾರ ನನ್ನ ವ್ಯಾನಿನಲ್ಲಿ ಮರ್ರಾಕೇಶಿನ ಹಳೇ ಸಾಮಾನಿನ ಸಂತೆಗೆ ಹೋದೆವು. ಸೀಳಿದ ಸೈಕಲ್ಲಿನ ಮುಂದಿನ ಚಕ್ರ ಹಿಡಿಯುವ ಕವಲು, ಚಕ್ರಗಳು, ಬ್ರೇಕು ಎಲ್ಲ ಜೊತೆಗಿದ್ದವು. ಕೊಳ್ಳುವ ಫ್ರೇಮಿಗೆ ಇವಷ್ಟೂ ಹೊಂದಬೇಕು, ಯಾಕೆಂದರೆ ಹೊಸದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಅಂಗಡಿಯ ಜಲೀಲ್, ಗಿರಾಕಿಗಳನ್ನೆಲ್ಲ ಗೌರವಕ್ಕೆ ಹಾಜ್ ಎನ್ನುವ ನಗರದ ನಯವಾದ ನಾಲಿಗೆಯವನು, ಮೊದಲು ಹಿಂದುಗಡೆ ಸ್ಪ್ರಿಂಗ್ ಇದ್ದ ಒಂದನ್ನು ಹೊರಗೆಳೆದ.

"ಸೋಫಾ ಥರ ಇರುತ್ತೆ ಹಾಜ್, ಕೂತು ನೋಡಿ."

"ಸೋಫಾ ಬೇಡ. ಕೀಲು ಎಷ್ಟಿರುತ್ತೋ ಕಾಯಿಲೆ ಅಷ್ಟಿರುತ್ತೆ," ಎಂದ ಬೂಜಮಾ.

ಆಮೇಲೆ ಬಂದವುಗಳಲ್ಲಿ ಒಂದಕ್ಕೆ ಬೂಜಮಾ ತಂದಿದ್ದ ಅಯಸ್ಕಾಂತ ಅಂಟಲಿಲ್ಲ, ಅಂದರೆ ಉಕ್ಕಲ್ಲ, ಒಂದರಲ್ಲಿ ಬ್ರೇಕು ಕೂರಿಸುವ ಕಿವಿಗಳಿಲ್ಲ, ಒಂದರಲ್ಲಿ ಸೀಟಿನ ಕೊಳವೆ ತುಕ್ಕು ಹಿಡಿದು ಒಳಗೇ ಕಚ್ಚಿಕೊಂಡು ಸತ್ತಿತ್ತು. ರಾಶಿಯ ತಳದಿಂದ ಹಸಿರು ಬಣ್ಣದ್ದೊಂದು ಬಂತು. ಅಯಸ್ಕಾಂತ ಕಚ್ಚಿ ಹಿಡಿಯಿತು. ಬ್ರೇಕಿನ ಕಿವಿಗಳಿದ್ದವು. ಕವಲು ಹೇಳಿ ಮಾಡಿಸಿದಂತೆ ಕೂತಿತು. ಬೂಜಮಾ ಹ್ಯಾಂಡಲ್ಲು ಕೂರುವ ಮುಂದಿನ ಕೊಳವೆಯ ಬುಡಕ್ಕೆ ಹೆಬ್ಬೆರಳು ಹಾಕಿ ಸವರಿದ. ಎಲ್ಲಾದರೂ ಗುದ್ದಿದ್ದರೆ ಅಲ್ಲಿ ಬಣ್ಣ ಸುಕ್ಕುಗಟ್ಟಿರುತ್ತದೆ. ಸುಕ್ಕಿರಲಿಲ್ಲ. ಅವನ ಮುಖ ಅರಳಿದ್ದು ಜಲೀಲನಿಗೂ ಕಾಣಿಸಿತು, ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ರೇಟು ಇಳಿಯಲಿಲ್ಲ. ಬೂಜಮಾ ಇದ್ದದ್ದನ್ನೆಲ್ಲ ಎಣಿಸದೆ ಅವನ ಕೈಗಿಟ್ಟು, "ಅಲ್ಲಾಹ್ ನಿನಗೆ ಲಾಭ ಕೊಡಲಿ," ಎಂದುಬಿಟ್ಟ.

ವ್ಯಾಪಾರ ಮುಗಿಸುವ ಮಾತು ಅದು. ಹೇಳಿದ ಮೇಲೆ ಬೂಜಮಾ ನಿಧಾನವಾಗಿ ಟೋಪಿಯೊಳಗಿನ ಹಗ್ಗ ತೆಗೆದ. ಚಕ್ರ ಕೂರುವ ಹಿಂದಿನ ಒಂದು ಕಚ್ಚಿಗೆ ಕಟ್ಟಿ, ಮುಂದಿನ ಕೊಳವೆ ಬಳಸಿ ತಂದು, ಇನ್ನೊಂದು ಕಚ್ಚಿಗೆ ಬಿಗಿದ. ಫ್ರೇಮು ನೆಟ್ಟಗಿದ್ದರೆ ನಡುವಿನ ಕೊಳವೆಗೂ ಹಗ್ಗಕ್ಕೂ ಎರಡೂ ಕಡೆ ಒಂದೇ ಸಂದಿರಬೇಕು. ಎಡಕ್ಕೆ ಎರಡು ಬೆರಳು ಹೋದವು. ಬಲಕ್ಕೆ ಒಂದೂ ಹೋಗಲಿಲ್ಲ.

"ಇದು ಸೊಟ್ಟ," ಎಂದ ಬೂಜಮಾ. "ಹಿಂಗಾಲು ವಾಲಿದೆ. ನನ್ನ ದುಡ್ಡು ಕೊಡು."

"ಮಾತು ಮುಗಿದಿದೆಯಲ್ಲ ಹಾಜ್."

"ಇನ್ನೂ ಸಂಜೆ ಆಗಿಲ್ವಲ್ಲ."

"ಸಂಜೆಗೂ ಇದಕ್ಕೂ ಏನು ಸಂಬಂಧ?"

ಬೂಜಮಾ ನನ್ನ ಮುಖ ನೋಡಿದ. ನಮ್ಮ ಹೇಸರಗತ್ತೆಯ ಸಂತೆಯಲ್ಲಿ ಮೊದಲು ಮಾತು, ಹಣ, ಪರೀಕ್ಷೆ ಆಮೇಲೆ. ಕೊಂಡವನು ಪ್ರಾಣಿಯನ್ನು ಗುಡ್ಡ ಹತ್ತಿಸಿ ಇಳಿಸಿ ನೋಡುತ್ತಾನೆ, ಕುಂಟಿದರೆ ಹೊತ್ತು ಮುಳುಗುವುದರೊಳಗೆ ಮಾರಿದವನು ಎದುರಾಡದೆ ವಾಪಸ್ಸು ತೆಗೆದುಕೊಳ್ಳುತ್ತಾನೆ. ಲೋಕವೆಲ್ಲ ಹೀಗೇ ಎಂದು ಈ ಪುಣ್ಯಾತ್ಮ ತಿಳಿದಿದ್ದ. "ಭಾವ, ಇಲ್ಲಿ ಆ ಪದ್ಧತಿ ಇಲ್ಲ," ಎಂದೆ. ಹೇಸರಗತ್ತೆ ಹೋಗಿತ್ತು, ಹಣ ಹೋಗಿತ್ತು, ಭಾನುವಾರ ಮುಂದೆಯೇ ನಿಂತಿತ್ತು. ನಾನು ಜಲೀಲನ ಮೇಲೆ ಕೂಗಾಡಿದೆ. ಅವನು ಪುದೀನ ಚಹಾ ತರಿಸಿದ. ಅದನ್ನು ಕಂಡು ನನಗೆ ಇನ್ನೂ ರೇಗಿತು.

ಬೂಜಮಾ ಕೂಗಾಡಲಿಲ್ಲ. ಫ್ರೇಮನ್ನು ಅಂಗಡಿಯ ಮುಂದೆ ನೆಲದ ಮೇಲೆ ಮಲಗಿಸಿದ.

"ಏನು ಮಾಡ್ತಿದ್ದೀಯ?" ಎಂದೆ ನಾನು.

"ಉಕ್ಕಲ್ವಾ. ಬಗ್ಗಿದ್ದು ವಾಪಸ್ಸೂ ಬಗ್ಗುತ್ತೆ."

"ಮುರಿದ್ರೆ?"

"ಮುರಿದ್ರೆ ತೂದಾಗೆ ನೀನೇ ಹೇಳು."

"ಮುರಿದ್ರೆ ನನ್ನ ಕೇಳಬೇಡಿ," ಎಂದು ಜಲೀಲ್ ಎಲ್ಲರಿಗೂ ಕೇಳುವಂತೆ ಹೇಳಿದ. ಜನ ಸೇರಿದರು.

ಬೂಜಮಾ ಜಿಲ್ಲಾಬ ಬಿಚ್ಚಿ ಹಿಂದಿನ ಕೊಳವೆಗೆ ಸುತ್ತಿದ, ನೆಲಕ್ಕೆ ಕೂತ, ಪೆಡಲ್ಲಿನ ಬುಡಕ್ಕೆ ಎರಡೂ ಪಾದ ಒತ್ತಿ, ಸುತ್ತಿದ ಕೊಳವೆಯನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ವಾಲಿದ. ಹಟ ಹಿಡಿದ ಹೇಸರಗತ್ತೆಯನ್ನು ಎಳೆಯುವುದೂ ಹೀಗೆಯೇ. ಏನೂ ಆಗಲಿಲ್ಲ. ಮತ್ತೆ ಎಳೆದ. ಕತ್ತಿನ ನರ ಉಬ್ಬಿತು. ಹಗ್ಗ ಕಟ್ಟಿ ನೋಡಿದ, ಅದೇ ಸೊಟ್ಟ. ಹೆಚ್ಚು ಎಳೆದರೆ ಬೆಸುಗೆ ಬಿಡುತ್ತದೆ, ಕಡಿಮೆ ಎಳೆದರೆ ಉಕ್ಕು ಚಿಮ್ಮಿ ಮೊದಲಿನ ಜಾಗಕ್ಕೇ ಬರುತ್ತದೆ. ಮೂರನೇ ಸಲಕ್ಕೆ ಚಟ್ ಎಂದಿತು.

ಎಲ್ಲರೂ ಬಗ್ಗಿ ನೋಡಿದರು. ಬೆಸುಗೆಯ ಪಕ್ಕದಲ್ಲಿ ಹಸಿರು ಬಣ್ಣದ ಚಕ್ಕೆ ಎದ್ದು ಬಿದ್ದಿತ್ತು. ನನ್ನ ಕಣ್ಣಿಗೆ ಅಲ್ಲೊಂದು ಗೆರೆ ಕಂಡಿತು, ಮುಗಿಯಿತು ಎಂದುಕೊಂಡೆ. ಬೂಜಮಾ ಹೆಬ್ಬೆರಳಿಗೆ ಎಂಜಲು ಹಚ್ಚಿ ಅದನ್ನು ಉಜ್ಜಿದ, ಬಹಳ ಹೊತ್ತು ಉಜ್ಜಿದ. ಗೆರೆ ಅಳಿಸಿಹೋಯಿತು. ಕೊಳೆ ಅಷ್ಟೇ. ಹಗ್ಗವನ್ನು ನನ್ನ ಕಡೆ ಚಾಚಿದ, ನಾನು ಕಟ್ಟಿದೆ. ಎಡಕ್ಕೆ ಬೆರಳು ಹಾಕಿದೆ. ಬಲಕ್ಕೆ ಹಾಕಿದೆ. ಎರಡೂ ಕಡೆ ಒಂದೇ ಸಂದು.

ಜಲೀಲ್ ಬಗ್ಗಿ ತಾನೂ ಬೆರಳು ಹಾಕಿ ನೋಡಿದ. ಚಹಾದ ಲೋಟ ಬೂಜಮಾನ ಮುಂದಿಟ್ಟ. "ಹಾಜ್, ನಾನೇನು ಕಟುಕನಲ್ಲ. ಫ್ರೇಮು ಇಲ್ಲೇ ಬಿಟ್ಟು ನಿಮ್ಮ ದುಡ್ಡು ವಾಪಸ್ಸು ತಗೊಳ್ಳಿ, ಮೇಲೆ ಸ್ವಲ್ಪ ಸೇರಿಸಿಯೇ ಕೊಡ್ತೀನಿ."

ಬೂಜಮಾ ಚಹಾ ಕುಡಿದು ಮುಗಿಸಿದ. "ಅಲ್ಲಾಹ್ ನಿನಗೆ ಲಾಭ ಕೊಡಲಿ ಅಂತ ಆಗಲೇ ಹೇಳಿದ್ದೀನಲ್ಲಪ್ಪ," ಎಂದ. ಜನರೆಲ್ಲ ನಕ್ಕರು, ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಮನೆ ತಲುಪಿದಾಗ ಅಕ್ಕ ಬಾಗಿಲಲ್ಲಿದ್ದಳು. ಬೂಜಮಾ ಫ್ರೇಮನ್ನು ಬೆನ್ನಿಗೆ ಹಾಕಿಕೊಂಡು ಅಂಗಳಕ್ಕೆ ಬಂದ. ಮುಂದಿನ ಕೊಳವೆಯ ಕೊರಳಿಗೆ ಹಗ್ಗ ಕಟ್ಟಿತ್ತು. ತೂದಾ ಬಣ್ಣ ನೋಡಲಿಲ್ಲ, ಹಗ್ಗವನ್ನೇ ನೋಡಿದಳು.

"ಕುಂಟಲ್ಲ ತಾನೆ?"

"ಕುಂಟ್ತಿತ್ತು. ಈಗ ಕುಂಟಲ್ಲ."

ಅವಳು ಒಳಗೆ ಹೋಗಿ ಒಂದು ಹಿಡಿ ಬಾರ್ಲಿ ತಂದಳು. ಹೊಸ ಪ್ರಾಣಿ ಮನೆಗೆ ಬಂದಾಗ ನಮ್ಮ ಹೆಂಗಸರು ಹಾಗೆ ತರುತ್ತಾರೆ. ಫ್ರೇಮಿಗೆ ಬಾಯಿಲ್ಲ. ಸುತ್ತ ನೋಡಿ, ಹೇಸರಗತ್ತೆ ನಿಲ್ಲುತ್ತಿದ್ದ ಗೂಟದ ಬುಡದಲ್ಲಿ ಸುರಿದಳು.

ಬೂಜಮಾ ಫ್ರೇಮನ್ನು ಗೋಡೆಗೆ ಒರಗಿಸಿ ಹೊಸ್ತಿಲ ಮೇಲೆ ಕೂತ. ಶನಿವಾರದಿಂದ ತಡೆದಿದ್ದ ಅಳು ಆಗ ಬಂತು. ನಾನು ವ್ಯಾನು ತೊಳೆಯುವವನಂತೆ ಹೊರಗೆ ನಿಂತೇ ಇದ್ದೆ.