ಕೋಟೆರಾಯರ ಒಂದು ನಕ್ಷತ್ರ

ಕನ್ನಡಕದ ಅಂಗಡಿ ಅಣ್ಣತಮ್ಮಂದಿರದು. ಅಣ್ಣ ಮುಂದುಗಡೆ ಗಾಜಿನ ಮೇಜಿನ ಹಿಂದೆ ಕುಳಿತು ಗಿರಾಕಿಗಳ ಜೊತೆ ನಗುನಗುತ್ತ ಮಾತಾಡುತ್ತಿದ್ದರು. ತಮ್ಮ ಹಿಂದುಗಡೆ, ಪ್ಲೈವುಡ್ ಅಡ್ಡಗೋಡೆಯ ಆಚೆ, ಲೆನ್ಸ್ ಉಜ್ಜುವ ಯಂತ್ರದ ಮುಂದೆ ಕುಳಿತಿರುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಇದೇ ಏರ್ಪಾಟು. ಯಾವ ಫ್ರೇಮ್ ತರಿಸಬೇಕು, ಯಾವುದನ್ನು ಶೋಕೇಸಿನಲ್ಲಿಡಬೇಕು ಎಂಬುದನ್ನು ಅಣ್ಣ ತೀರ್ಮಾನಿಸುತ್ತಿದ್ದರು. ಮನೆಗೆ ಯಾವ ಬಣ್ಣ, ಮಗಳಿಗೆ ಯಾವ ಶಾಲೆ ಎಂಬುದನ್ನು ತಮ್ಮನ ಹೆಂಡತಿ ತೀರ್ಮಾನಿಸುತ್ತಿದ್ದರು. ತಮ್ಮನ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಒಮ್ಮೆ ಕಿಟಕಿ ಪರದೆಯ ಬಟ್ಟೆ ತೋರಿಸಿ, "ಹೇಗಿದೆ?" ಎಂದು ಕೇಳಿದ್ದರು. ಉತ್ತರ ಮುಕ್ಕಾಲು ಗಂಟೆ ನಡೆಯಿತು. ಅಲ್ಲಿಂದಾಚೆಗೆ ಅವರೂ ಬಾಯಿ ಬಿಡಲಿಲ್ಲ.

ಹೀಗೆ ಒಳಗೊಳಗೇ ಕಟ್ಟಿಕೊಂಡಿದ್ದ ಅಭಿಪ್ರಾಯಗಳಿಗೆ ದಾರಿ ಸಿಕ್ಕಿದ್ದು ಮಗಳ ದೆಸೆಯಿಂದ. ಒಂಬತ್ತನೇ ಕ್ಲಾಸಿನ ಆ ಹುಡುಗಿ ಅಪ್ಪನ ಫೋನಿಗೆ 'ಕೋಟೆ ಬಾಗಿಲು' ಎಂಬ ಆಟ ಇಳಿಸಿಕೊಂಡು, ಎರಡು ದಿನ ಆಡಿ, ಬೇಜಾರಾಗಿ ಬಿಟ್ಟಳು. ಅಪ್ಪ ಹಿಡಿದುಕೊಂಡರು. ಆಟ ಸರಳ. ಒಂದು ಅಂಕುಡೊಂಕು ದಾರಿ. ದಾರಿಯ ಕೊನೆಗೆ ನಿಮ್ಮ ಕೋಟೆ. ಆ ದಾರಿಯಲ್ಲಿ ರಾಕ್ಷಸರು, ಅಸ್ಥಿಪಂಜರಗಳು, ಮೂರು ತಲೆಯ ತೋಳಗಳು ಸಾಲುಗಟ್ಟಿ ಬರುತ್ತವೆ. ನೀವು ದಾರಿಯ ಪಕ್ಕದಲ್ಲಿ ಗೋಪುರ ಕಟ್ಟಬೇಕು. ಬಿಲ್ಲಿನ ಗೋಪುರ ಬಾಣ ಬಿಡುತ್ತದೆ, ಬೆಂಕಿ ಗೋಪುರ ಸುಡುತ್ತದೆ, ಹಿಮದ ಗೋಪುರ ಬಂದವರ ಕಾಲು ಮರಗಟ್ಟಿಸಿ ನಡಿಗೆ ನಿಧಾನ ಮಾಡುತ್ತದೆ. ಬಾಗಿಲು ಮುರಿಯದಂತೆ ನೋಡಿಕೊಂಡರೆ ಮುಂದಿನ ಹಂತ. ನಮ್ಮವರು ನಲವತ್ತು ಹಂತ ದಾಟಿದರು. ನಲವತ್ತೊಂದನೆಯದರಲ್ಲಿ ಮೂಳೆಸರ್ಪ ಎಂಬ ದೈತ್ಯ ಹಾವು ಬಂತು. ಬಂದದ್ದು ಸೀದಾ ಬಾಗಿಲು ನುಂಗಿತು. ಮರುದಿನವೂ ನುಂಗಿತು. ಹನ್ನೊಂದನೆಯ ಸಲ ನುಂಗಿದಾಗ ಅವರು ಆಟದ ಅಭಿಪ್ರಾಯ ಪುಟಕ್ಕೆ ಹೋಗಿ 'ಕೋಟೆರಾಯ' ಎಂಬ ಹೆಸರಿಟ್ಟುಕೊಂಡು ಬರೆದರು: "ಇದು ಆಟವಲ್ಲ, ಮೋಸ. ನಲವತ್ತೊಂದನೇ ಹಂತವನ್ನು ಮನುಷ್ಯಮಾತ್ರದವನು ದಾಟಲಾರ. ಒಂದು ನಕ್ಷತ್ರ."

ಸಂಜೆಯೊಳಗೆ ಇಪ್ಪತ್ತಮೂರು ಜನ ಮೆಚ್ಚಿದ್ದರು. ಇಪ್ಪತ್ತಮೂರು! ಅವರು ಜೀವಮಾನದಲ್ಲಿ ಹೇಳಿದ್ದನ್ನು ಒಟ್ಟಿಗೆ ಇಪ್ಪತ್ತಮೂರು ಜನ ಒಪ್ಪಿದ್ದೇ ಇಲ್ಲ. ಅವತ್ತಿನಿಂದ ಆಟ ಹಿಂದೆ ಬಿತ್ತು, ಅಭಿಪ್ರಾಯ ತಲೆಗೇರಿತು. ಇನ್ನು ಮುಂದೆ ನಾವೂ ಅವರನ್ನು ಕೋಟೆರಾಯರು ಎಂದೇ ಕರೆಯೋಣ; ಅವರಿಗೂ ಅದೇ ಇಷ್ಟ.

ಆ ಪುಟವೊಂದು ಬೇರೆಯೇ ಲೋಕ. ಒಬ್ಬ ಬರೆಯುತ್ತಿದ್ದ: "ಆಟ ಅದ್ಭುತ, ಆದರೆ ನನ್ನ ಫೋನಿನ ಗಾಜು ಒಡೆದಿದೆ. ಒಂದು ನಕ್ಷತ್ರ." ಇನ್ನೊಬ್ಬಾಕೆ: "ಇನ್ನೂ ಆಡಿಲ್ಲ. ಚಿತ್ರ ಮುದ್ದಾಗಿದೆ. ಐದು ನಕ್ಷತ್ರ." ಮತ್ತೊಬ್ಬ: "ಒಂದೂವರೆ ಸಾವಿರ ಗಂಟೆ ಆಡಿದ್ದೇನೆ. ಸಮಯ ಹಾಳು. ಯಾರೂ ಆಡಬೇಡಿ." ಬಿಲ್ಲಿನ ಗೋಪುರದವರದೊಂದು ಪಕ್ಷ, ಬೆಂಕಿ ಗೋಪುರದವರದೊಂದು ಪಕ್ಷ. ಇಬ್ಬರೂ ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತಿದ್ದರು. ಒಬ್ಬರ ಕುಲ ಗೋತ್ರವನ್ನು ಇನ್ನೊಬ್ಬರು ಜಾಲಾಡುತ್ತಿದ್ದರು. ಈ ಗದ್ದಲದ ನಡುವೆ ಕೋಟೆರಾಯರು ಹಿರಿಯರಂತೆ ಕಾಲ ಮೇಲೆ ಕಾಲು ಹಾಕಿ ಕುಳಿತರು. ಐವತ್ತನೆಯ ಹಂತದ ಮಂಜಿನ ಕಾಡು ಅನ್ಯಾಯ, ಅರವತ್ತೆಂಟರ ಕುರುಡ ರಾಜ ಅಸಂಬದ್ಧ, ತೊಂಬತ್ತನೆಯದು ಇದ್ದದ್ದರಲ್ಲಿ ಪರವಾಗಿಲ್ಲ ಎಂದು ಒಂದೊಂದರ ಮೇಲೂ ತೀರ್ಪು ಕೊಟ್ಟರು. ಈ ಯಾವ ಹಂತವನ್ನೂ ಅವರು ಕಣ್ಣಾರೆ ಕಂಡಿರಲಿಲ್ಲ. ನಾಲ್ಕು ಜನರ ಬೈಗುಳ ಓದಿ, ಅದಕ್ಕೆ ತಮ್ಮದೊಂದಿಷ್ಟು ಖಾರ ಬೆರೆಸಿ ಬರೆಯುತ್ತಿದ್ದರು. ಮೂಳೆಸರ್ಪ ಇನ್ನೂ ನಲವತ್ತೊಂದರಲ್ಲೇ ಬಾಯಿ ತೆರೆದುಕೊಂಡು ಅವರಿಗಾಗಿ ಕಾಯುತ್ತಿತ್ತು.

ಅವರ ನೆಮ್ಮದಿಗೆ ಕಲ್ಲು ಹಾಕುತ್ತಿದ್ದದ್ದು ಒಬ್ಬರೇ, 'ಶುಂಠಿ' ಎಂಬ ಹೆಸರಿನವರು. ಕೋಟೆರಾಯರು ಇಪ್ಪತ್ತು ಸಾಲು ಬರೆದರೆ ಶುಂಠಿ ಕೆಳಗೆ ಒಂದೇ ಸಾಲು: "ಕುರುಡ ರಾಜ ಬರುವುದು ಎಪ್ಪತ್ತೆರಡರಲ್ಲಿ." ಇವರು ಮೂವತ್ತು ಸಾಲಿನಲ್ಲಿ ಉತ್ತರ ಕೊಟ್ಟರೆ ಶುಂಠಿಯಿಂದ ಮತ್ತೊಂದು ಸಾಲು: "ಆದರೂ ಎಪ್ಪತ್ತೆರಡೇ." ಎರಡು ವರ್ಷ ಹೀಗೆಯೇ ನಡೆಯಿತು. ಶುಂಠಿ ಯಾರೋ ಕೆಲಸವಿಲ್ಲದ ಪೋಲಿ ಹುಡುಗನಿರಬೇಕೆಂದು ರಾಯರು ಖಚಿತ ಮಾಡಿಕೊಂಡಿದ್ದರು.

ಒಂದು ಸೋಮವಾರ ಬೆಳಿಗ್ಗೆ ಈ ಶುಂಠಿಗೆ ಉತ್ತರ ಬರೆಯುತ್ತಲೇ ರಾಯರು ಹೊಲಿಗೆ ಟೀಚರೊಬ್ಬರ ಕನ್ನಡಕ ಜೋಡಿಸಿದರು. ಒಂದು ಕೈ ಫೋನಿನಲ್ಲಿ, ಒಂದು ಕೈ ಫ್ರೇಮಿನಲ್ಲಿ. ಮರುದಿನವೇ ಟೀಚರು ವಾಪಸು ಬಂದರು.

"ಸೂಜಿ ಕಣ್ಣು ಎರಡೆರಡು ಕಾಣ್ಸುತ್ತೆ ಸರ್. ಮೆಟ್ಟಿಲು ಇಳಿಯೋಕೆ ಹೋದ್ರೆ ನೆಲವೇ ಎದ್ದು ಬಂದಂಗಾಗುತ್ತೆ."

ಅಣ್ಣ ಊಟಕ್ಕೆ ಹೋಗಿದ್ದರು. ರಾಯರೇ ಅಡ್ಡಗೋಡೆಯಿಂದ ಹೊರಗೆ ಬಂದರು.

"ಹೊಸದು ನೋಡಿ, ಹಾಗೇ ಇರುತ್ತೆ. ಒಂದು ವಾರ ಹಾಕ್ಕೊಳ್ಳಿ, ಅಭ್ಯಾಸ ಆಗುತ್ತೆ."

"ತಲೆನೋವು ಬರ್ತಿದೆ ಸರ್."

"ಎಲ್ಲಿ, ಯಾವಾಗ, ಎಷ್ಟು ಹೊತ್ತು? ದೂರು ಕೊಡೋದಕ್ಕೂ ಒಂದು ಕ್ರಮ ಇರುತ್ತೆ ಅಮ್ಮ. ಸುಮ್ನೆ ಚೆನ್ನಾಗಿಲ್ಲ ಅಂದ್ರೆ ಮಾಡೋವ್ರಿಗೆ ಏನು ತಿಳೀಬೇಕು?"

ಟೀಚರು ವಾರವಿಡೀ ಹಾಕಿಕೊಂಡರು. ಬೆರಳಿಗೆ ಮೂರು ಸಲ ಸೂಜಿ ಚುಚ್ಚಿಕೊಂಡು, ಎಂಟನೆಯ ದಿನ ಬೆರಳಿಗೆ ಪಟ್ಟಿ ಸುತ್ತಿಕೊಂಡೇ ಬಂದರು. ಈ ಸಲ ಅಣ್ಣ ಇದ್ದರು. ಕನ್ನಡಕವನ್ನು ಬೆಳಕಿಗೆ ಹಿಡಿದರು, ಚೀಟಿ ನೋಡಿದರು, ಮತ್ತೆ ಬೆಳಕಿಗೆ ಹಿಡಿದರು. ಎಡಗಣ್ಣಿನ ಲೆನ್ಸು ಬಲಕ್ಕೆ ಕೂತಿತ್ತು, ಬಲಗಣ್ಣಿನದು ಎಡಕ್ಕೆ. ಟೀಚರ ಎದುರಿಗೆ ತಮ್ಮನನ್ನು ಬೈಯದೆ, ಕ್ಷಮೆ ಕೇಳಿ, ತಾವೇ ಕುಳಿತು ಹೊಸ ಲೆನ್ಸ್ ಜೋಡಿಸಿ ಕಳಿಸಿಕೊಟ್ಟರು. ಆಮೇಲೆ ಅಡ್ಡಗೋಡೆಯ ಆಚೆ ಹೋದರು.

"ಅಪ್ಪ ಇಟ್ಟಿದ್ದ ಅಂಗಡಿ ಕಣೋ ಇದು. ಎಡ ಯಾವುದು ಬಲ ಯಾವುದು ಗೊತ್ತಾಗ್ದೇ ಇರೋಷ್ಟು ಏನು ಘನಂದಾರಿ ಕೆಲಸ ಮಾಡ್ತಿದ್ದೆ ನೀನು?"

"ಅವರು ಸರಿಯಾಗಿ ಹೇಳ್ಲಿಲ್ಲ ಅಣ್ಣ," ಎಂದರು ರಾಯರು. "ಜನಕ್ಕೆ ಅಭಿಪ್ರಾಯ ಹೇಳೋಕೇ ಬರಲ್ಲ."

ಅಣ್ಣ ಹಣೆ ಚಚ್ಚಿಕೊಂಡು ಹೊರಗೆ ಹೋದರು.

ಅದೇ ವಾರ ಆಟದ ಕಂಪನಿಯಿಂದ ಇಮೇಲ್ ಬಂತು. ಅತಿ ಹೆಚ್ಚು ಅಭಿಪ್ರಾಯ ಬರೆದ ಆರು ಜನರನ್ನು ಭಾನುವಾರ ಬೆಳಿಗ್ಗೆ ವಿಡಿಯೋ ಸಭೆಗೆ ಕರೆದಿದ್ದರು. ಓದುತ್ತಿದ್ದಂತೆ ರಾಯರ ಎದೆ ಎರಡಂಗುಲ ಅಗಲವಾಯಿತು. ಹೆಂಡತಿಗೆ ತೋರಿಸಿದರು. ಹೆಂಡತಿ ಮೂಳೆ ಆಸ್ಪತ್ರೆಯಲ್ಲಿ ರೋಗಿಗಳಿಗೆ ವ್ಯಾಯಾಮ ಮಾಡಿಸುವವರು. ಗೊಣಗುವವರನ್ನು ದಿನವಿಡೀ ನೋಡುವವರು.

"ಒಳ್ಳೇದೇ ಆಯ್ತು ಕಣ್ರೀ," ಎಂದರು. "ಹೇಳೋದೆಲ್ಲಾ ಅಲ್ಲೇ ಹೇಳಿ ಮುಗಿಸ್ಬಿಡಿ. ಮನೇಲಿ ಏನೂ ಉಳಿಸ್ಕೋಬೇಡಿ."

ರಾಯರು ಹದಿನೇಳು ಪುಟಗಳ ಬೇಡಿಕೆ ಪಟ್ಟಿ ತಯಾರಿಸಿದರು. ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೆಳಗೆ ಮನೆಯ ಪೈಜಾಮದಲ್ಲೇ ಕುಳಿತರು. ಗಾಜಿನ ಕಟ್ಟಡ, ಉದ್ದನೆಯ ಮೇಜು, ಕೋಟು ತೊಟ್ಟ ಹತ್ತಾರು ಜನ, ಇದು ಅವರ ಕಲ್ಪನೆ. ಪರದೆ ತೆರೆದಾಗ ಕಂಡದ್ದು ಒಂದು ಪುಟ್ಟ ಕೋಣೆ, ಹಿಂದೆ ಹಗ್ಗದ ಮೇಲೆ ಒಣಗುತ್ತಿದ್ದ ಟವೆಲ್ಲು, ಮುಂದೆ ಒಬ್ಬ ಅಕ್ಕ, ಒಬ್ಬ ತಮ್ಮ. ಕಂಪನಿ ಎಂದರೆ ಅಷ್ಟೇ. ಅಕ್ಕ ಚಿತ್ರ ಬರೆಯುವವಳು, ತಮ್ಮ ಆಟ ಓಡಿಸುವವನು. ಇಬ್ಬರ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿದ್ದವು.

ಆರು ಜನರಲ್ಲಿ ಬಂದವರು ರಾಯರೂ ಸೇರಿ ನಾಲ್ವರು. ಒಬ್ಬ ಬಸ್ಸಿನಲ್ಲಿದ್ದ, ಅವನ ಮಾತಿಗಿಂತ ಕಂಡಕ್ಟರ್ ಮಾತೇ ಚೆನ್ನಾಗಿ ಕೇಳುತ್ತಿತ್ತು. ಇನ್ನೊಬ್ಬನ ಕಡೆಯಿಂದ ಸಭೆ ಮುಗಿಯುವವರೆಗೂ ಬರೀ ಸೀಲಿಂಗ್ ಫ್ಯಾನು ಕಾಣಿಸುತ್ತಿತ್ತು. ಮೂರನೆಯವರು ಎಪ್ಪತ್ತು ದಾಟಿದ ಹೆಂಗಸು. ಬೆಳ್ಳಗಿನ ಕೂದಲು, ಮಡಿಲಲ್ಲಿ ಹೆಣಿಗೆ.

"ನಮಸ್ಕಾರ. ನಾನು ಶುಂಠಿ," ಎಂದರು. "ಮೂವತ್ತೈದು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಈಗ ಮನೇಲಿದೀನಿ."

ಎರಡು ವರ್ಷ ತಾವು ಪೋಲಿ ಹುಡುಗ ಎಂದುಕೊಂಡದ್ದು ಯಾರನ್ನು ಎಂದು ರಾಯರಿಗೆ ತಿಳಿಯಿತು. ಆದರೂ ಸಾವರಿಸಿಕೊಂಡು ಪಟ್ಟಿ ತೆರೆದು, ಒಂದನೆಯ ಪುಟದ ಒಂದನೆಯ ಬೇಡಿಕೆ ಓದಿದರು. ನಾಲ್ಕನೆಯ ಪುಟದ ಹೊತ್ತಿಗೆ ಅಕ್ಕ ಮೆಲ್ಲಗೆ ಕೈ ಎತ್ತಿದಳು.

"ಸರ್, ನಲವತ್ತೊಂದನೇ ಹಂತದ ಬಗ್ಗೆ ನೀವು ಹದಿನಾಲ್ಕು ಸಲ ಬರೆದಿದ್ದೀರ. ನಾವೂ ತಲೆ ಕೆಡಿಸ್ಕೊಂಡು ನೋಡಿದ್ವಿ, ತಪ್ಪೇನೂ ಸಿಗ್ಲಿಲ್ಲ. ಈಗ ಒಂದ್ಸಲ ಆಡಿ ತೋರಿಸ್ತೀರಾ? ಎಲ್ಲಿ ಕಷ್ಟ ಆಗ್ತಿದೆ ಅಂತ ನಮ್ಗೂ ತಿಳಿಯುತ್ತೆ."

"ಆಡಬಹುದಿತ್ತು... ಇಲ್ಲಿ ನೆಟ್ ಸರಿಯಿಲ್ಲ," ಎಂದರು ರಾಯರು.

"ನೆಟ್ ಚೆನ್ನಾಗೇ ಇದೆ ಅಪ್ಪ," ಎಂದು ಹಿಂದಿನಿಂದ ಮಗಳ ದನಿ ಬಂತು. "ನಿಂಗೆ ಫೋನಿನ ಪರದೆ ಹಂಚೋಕೆ ಬರಲ್ಲ ಅಷ್ಟೇ. ಇರು, ನಾನ್ ಮಾಡ್ಕೊಡ್ತೀನಿ."

ಬೇಡವೆನ್ನುವಷ್ಟರಲ್ಲಿ ಹುಡುಗಿ ಗುಂಡಿ ಒತ್ತಿಬಿಟ್ಟಿದ್ದಳು. ನಾಲ್ಕೂ ಕಡೆ ರಾಯರ ಆಟ ತೆರೆದುಕೊಂಡಿತು. ಮೇಲ್ಗಡೆ ದಪ್ಪಕ್ಷರದಲ್ಲಿ: ತಲುಪಿದ ಹಂತ, ನಲವತ್ತೊಂದು.

ಬಸ್ಸಿನವನು ಮೊದಲು ಬಾಯಿ ತೆರೆದ. "ಏನ್ ಸ್ವಾಮಿ, ತೊಂಬತ್ತನೇ ಹಂತ ಪರವಾಗಿಲ್ಲ ಅಂತ ಬರೆದಿದ್ರಿ? ನಾನು ಅದನ್ನ ಓದ್ಕೊಂಡೇ ಆಡಿದ್ದು!"

"ಅದು... ಇನ್ನೊಂದು ಫೋನಿನಲ್ಲಿ," ಎಂದರು ರಾಯರು.

"ಯಾವ ಇನ್ನೊಂದು ಫೋನು ಅಪ್ಪ?" ಎಂದಳು ಮಗಳು, ನಿಜವಾಗಿಯೂ ಕುತೂಹಲದಿಂದ.

ಬೇರೆ ದಾರಿಯಿಲ್ಲದೆ ರಾಯರು ಆಡಿದರು. ಬಾಗಿಲ ಮುಂದೆ ಬೆಂಕಿ ಗೋಪುರಗಳನ್ನು ಒಂದಕ್ಕೊಂದು ಅಂಟಿಸಿ ಗುಡ್ಡೆ ಹಾಕಿದರು. ಮೂಳೆಸರ್ಪ ಸರ್ರನೆ ಬಂದು, ರೂಢಿಯಂತೆ, ಬಾಗಿಲು ನುಂಗಿತು. ಶುಂಠಿಯವರು ಹೆಣಿಗೆ ನಿಲ್ಲಿಸಿದರು.

"ಎಲ್ಲಾನೂ ಬಾಗಿಲ ಹತ್ರಾನೇ ಯಾಕಪ್ಪಾ ಇಟ್ಟೆ? ಅಷ್ಟು ಹೊತ್ತಿಗೆ ಅದರ ಓಟ ಜೋರಾಗಿರುತ್ತೆ. ಎರಡನೇ ತಿರುವಿನಲ್ಲಿ ಒಂದೇ ಒಂದು ಹಿಮದ ಗೋಪುರ ಇಟ್ಟು ನೋಡು. ಕಾಯಿಲೆ ಶುರುವಾದಾಗ್ಲೇ ಹಿಡೀಬೇಕು, ಕೊನೇಲಿ ಗಾಬರಿ ಬಿದ್ರೆ ಏನು ಬಂತು?"

"ಅದು ನನ್ನ ಶೈಲಿ ಅಲ್ಲ," ಎಂದರು ರಾಯರು.

"ಸರಿ ಬಿಡಪ್ಪಾ," ಎಂದು ಅವರು ಮತ್ತೆ ಹೆಣಿಗೆಗೆ ಕೈ ಹಾಕಿದರು. ಉಳಿದ ಹದಿಮೂರು ಪುಟಗಳನ್ನು ಯಾರೂ ಕೇಳಲಿಲ್ಲ.

ಮೂರು ದಿನ ರಾಯರು ಮುಖ ಗಂಟಿಕ್ಕಿಕೊಂಡು ಕುಳಿತರು. ಒಂದಕ್ಷರ ಬರೆಯಲಿಲ್ಲ. ಆ ಮೂರು ದಿನ ಅಂಗಡಿಯಿಂದ ಹೋದ ಕನ್ನಡಕಗಳಲ್ಲಿ ಒಂದೂ ವಾಪಸು ಬರಲಿಲ್ಲವೆಂದು ಅಣ್ಣ ಗಮನಿಸಿದರು. ಹೇಳಿದರೆ ಎಲ್ಲಿ ದೃಷ್ಟಿಯಾಗುತ್ತದೋ ಎಂದು ಸುಮ್ಮನಿದ್ದರು.

ಗುರುವಾರ ಮಧ್ಯಾಹ್ನ ಅಣ್ಣ ಊಟಕ್ಕೆ ಹೋದ ಮೇಲೆ ರಾಯರು ಅಡ್ಡಗೋಡೆಯ ಆಚೆ, ಎಡಗಡೆ ಬಲಗಡೆ ನೋಡಿಕೊಂಡು, ಫೋನು ತೆಗೆದರು. ನಲವತ್ತೊಂದನೆಯ ಹಂತ. ಎರಡನೆಯ ತಿರುವು. ಒಂದು ಹಿಮದ ಗೋಪುರ. ಯಾರೂ ನೋಡುತ್ತಿಲ್ಲವಲ್ಲ, ಸುಮ್ಮನೆ ಒಂದು ಪರೀಕ್ಷೆ, ಅಷ್ಟೇ. ಮೂಳೆಸರ್ಪ ಬಂತು. ತಿರುವಿನಲ್ಲಿ ಅದರ ಓಟ ಕುಸಿಯಿತು, ಮುದುಕನಂತೆ ತೆವಳತೊಡಗಿತು. ಬಾಣಗಳು ಬಿದ್ದವು, ಬೆಂಕಿ ಬಿತ್ತು, ಬಾಗಿಲಿಗೆ ಹತ್ತು ಮಾರು ದೂರದಲ್ಲಿ ಹಾವು ಬೂದಿಯಾಯಿತು.

ರಾಯರು ಕುರ್ಚಿಯಿಂದ ಜಿಗಿದರು. ಐವತ್ತರ ಹತ್ತಿರದ ಮನುಷ್ಯ, ಬೊಜ್ಜಿನ ಹೊಟ್ಟೆ, ನಿಜವಾಗಿಯೂ ನೆಲಬಿಟ್ಟು ಜಿಗಿದರು. ಮೊಣಕೈ ತಾಗಿ ಕಣ್ಣು ಪರೀಕ್ಷೆಯ ಲೆನ್ಸ್ ಪೆಟ್ಟಿಗೆ ಕೆಳಗೆ ಬಿತ್ತು. ಇನ್ನೂರ ಅರವತ್ತಾರು ದುಂಡನೆಯ ಗಾಜುಗಳು ನೆಲದ ತುಂಬ ಉರುಳಿದವು. ಮೊಣಕಾಲೂರಿ ಒಂದೊಂದನ್ನೇ ಆಯ್ದು, ಸಂಖ್ಯೆ ಓದಿ, ಅದರದರ ಗೂಡಿಗೆ ಸೇರಿಸುತ್ತಿದ್ದಾಗ ಅವರ ಮುಖದಲ್ಲಿ ಎಷ್ಟೋ ವರ್ಷಗಳಿಂದ ಕಾಣದ ಸಂತೋಷವಿತ್ತು. ಆ ಹೊತ್ತಿನಲ್ಲಿ ಯಾರಾದರೂ ಕೇಳಿದ್ದರೆ ಶುಂಠಿಯವರ ಹೆಸರು ಹೇಳಿಬಿಡುತ್ತಿದ್ದರೇನೋ. ಯಾರೂ ಕೇಳಲಿಲ್ಲ. ಕೊನೆಯ ಗಾಜು ಗೂಡು ಸೇರುವಷ್ಟರಲ್ಲಿ ಸಂತೋಷ ಆರಿ, ಅಭಿಪ್ರಾಯ ಸಿದ್ಧವಾಗಿತ್ತು. ಅಲ್ಲೇ ನೆಲದ ಮೇಲೆ ಕುಳಿತು ಬರೆದರು:

"ಕೊನೆಗೂ ಕಂಪನಿಯವರಿಗೆ ಬುದ್ಧಿ ಬಂದಿದೆ. ನನ್ನ ಸತತ ಟೀಕೆಯ ಫಲವಾಗಿ ನಲವತ್ತೊಂದನೆಯ ಹಂತದ ದೋಷವನ್ನು ಸದ್ದಿಲ್ಲದೆ ಸರಿಪಡಿಸಿದ್ದಾರೆ. ಈಗ ಆಟ ಸುಮಾರಾಗಿದೆ. ಎರಡು ನಕ್ಷತ್ರ."

ಸಂಜೆಯೊಳಗೆ ಮುನ್ನೂರ ಹನ್ನೆರಡು ಜನ ಮೆಚ್ಚಿದರು. ಹೋರಾಟಕ್ಕೆ ಜಯವಾಗಲಿ ಎಂದು ಕೆಲವರು, ನಿಮ್ಮಂಥವರು ಇರುವುದರಿಂದಲೇ ಆಟ ಸುಧಾರಿಸಿತು ಎಂದು ಕೆಲವರು ಬರೆದರು. ಬಸ್ಸಿನವನೂ ಅಭಿನಂದಿಸಿದ. ಕೆಳಗೆ ಆಟ ಮಾಡಿದ ಅಕ್ಕನ ಉತ್ತರವಿತ್ತು: "ಸರ್, ನಾವು ಏನನ್ನೂ ಬದಲಾಯಿಸಿಲ್ಲ. ಆದರೂ ಗೆದ್ದದ್ದಕ್ಕೆ ಸಂತೋಷ."

ಆ ಉತ್ತರವನ್ನು ಮೂವರು ಮೆಚ್ಚಿದ್ದರು. ಒಬ್ಬರು ಶುಂಠಿ. ಇನ್ನೊಬ್ಬಳು ರಾಯರ ಮಗಳು. ಮೂರನೆಯವರು ರಾಯರ ಹೆಂಡತಿ. ಆಟವೆಂದರೆ ಆಗದ ಅವರು, ಆಸ್ಪತ್ರೆಯಲ್ಲಿ ಒಬ್ಬ ರೋಗಿಗೂ ಇನ್ನೊಬ್ಬ ರೋಗಿಗೂ ನಡುವಿನ ಬಿಡುವಿನಲ್ಲಿ ಅದನ್ನು ಫೋನಿಗೆ ಇಳಿಸಿಕೊಂಡು, ಆ ಒಂದು ಮೆಚ್ಚುಗೆಯ ಗುಂಡಿ ಒತ್ತಿ, ಆಮೇಲೆ ಅಳಿಸಿಹಾಕಿದ್ದರು.