ಅಳಿಯನಿಗೇಕೆ ಹತ್ತಿ ಅಂಗಿ ಇಲ್ಲ?

ಕಳೆದ ಭಾನುವಾರ ನಾನು ನನ್ನ ಮಾವನ ಅಂಗಿ ಕದ್ದೆ.

ಗಾಬರಿಯಾಗಬೇಡಿ. ಬೆಟಗೇರಿಯ ಅವರ ಮನೆಯಲ್ಲೇ, ಗೂಟಕ್ಕೆ ತೂಗುಹಾಕಿದ್ದನ್ನು ತೆಗೆದು ಅಲ್ಲೇ ತೊಟ್ಟುಕೊಂಡೆ. ಮುಂಡರಗಿಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಮೈಮೇಲೆ ಟೆರಿಲಿನ್ ಅಂಗಿ. ಡಂಬಳ ದಾಟುವಷ್ಟರಲ್ಲಿ ಅದು ಬೆನ್ನಿಗೆ ಅಂಟಿಕೊಂಡು ಮೈಯೆಲ್ಲ ತುರಿಕೆ. ಪಕ್ಕದಲ್ಲೇ ನನ್ನ ಶಾಲೆಯ ಪಾಲಕರೊಬ್ಬರು. ಮಾಸ್ತರಿಗೆ ಎಲ್ಲರೆದುರು ಬೆನ್ನು ಕೆರೆದುಕೊಳ್ಳಲು ಆಗುತ್ತದೆಯೇ?

ಇಸ್ತ್ರಿ ಬೇಡ, ಒಗೆದರೆ ಗಳಿಗೆಯಲ್ಲಿ ಒಣಗುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಟೆರಿಲಿನ್ನಿನದೇ ಗುಣಗಾನ. ನನ್ನ ಅಂಗಿಗಳೂ ಎಲ್ಲ ಟೆರಿಲಿನ್ನಿನವೇ. ಆದರೆ ಒಂದನ್ನೂ ನಾನು ಆರಿಸಿದ್ದಲ್ಲ. ಹಬ್ಬ, ಮದುವೆ, ತೊಟ್ಟಿಲು ಎಂದು ಮಾವ ಉಡುಗೊರೆ ಕೊಟ್ಟ ಶರ್ಟ್ ಪೀಸುಗಳು. (ಕೊಟ್ಟದ್ದನ್ನು ಅಳಿಯ ತೊಡದಿದ್ದರೆ ಏನಾಗುತ್ತದೆ ಎಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.)

ತಮಾಷೆಯೆಂದರೆ ಮಾವ ಸ್ವತಃ ನೇಕಾರರು. ಸೀರೆ ನೇಯ್ದು ಉಳಿದ ಹತ್ತಿ ನೂಲಿನಲ್ಲಿ ತಮ್ಮ ಅಂಗಿಗೆಂದು ಒಂದಿಷ್ಟು ಬಟ್ಟೆ ನೇಯ್ದುಕೊಳ್ಳುತ್ತಾರೆ. ನಾನು ಕದ್ದದ್ದು ಅಂಥದೇ ಅಂಗಿ. ಎಷ್ಟು ವರ್ಷದ್ದೋ ಏನೋ, ಒಗೆದು ಒಗೆದು ಕೂಸಿಗೆ ಹಾಸುವ ಬಟ್ಟೆಯಷ್ಟು ಮೆತ್ತಗಾಗಿತ್ತು. ಆದರೂ ಎಲ್ಲೂ ಜಾಳಾಗಿರಲಿಲ್ಲ. ತೊಟ್ಟೆ. ಆಹಾ! ಚಾಪೆಯ ಮೇಲೆ ಅಡ್ಡಾದವನು ಸಂಜೆಯ ಚಹಕ್ಕೇ ಎದ್ದೆ.

ಎದುರಿಗೆ ಅತ್ತೆ. ಮುಖ ಸಣ್ಣದಾಗಿತ್ತು.

"ಅಯ್ಯ, ಅಳಿಯಾರ, ಆ ಹಳೇ ಅಂಗಿ ಯಾಕ ಹಾಕ್ಕೊಂಡ್ರಿ? ಓಣ್ಯಾಗಿನ ಮಂದಿ ನೋಡಿದ್ರ ಏನಂದಾರು!"

ಇದೇ ಸಮಯವೆಂದು ಧೈರ್ಯ ಮಾಡಿ ಮಗ್ಗದಲ್ಲಿ ಕೂತಿದ್ದ ಮಾವನ ಕಡೆ ತಿರುಗಿದೆ. "ಭಾಳ ಮೆತ್ತಗ ಐತ್ರಿ ಮಾವಾರ. ಈ ಸಲ ಹಬ್ಬಕ್ಕ ನನಗೂ ಇಂಥಾದ್ದ ಅರಿವಿ ಕೊಡ್ರಿ. ಟೆರಿಲಿನ್ ಮೈಗೆ ಆಗವಲ್ದು."

ಮಾವ ಮಗ್ಗದಿಂದ ಎದ್ದರು, ಇನ್ನೊಂದು ಹತ್ತಿ ಅಂಗಿ ತೊಟ್ಟರು, ಟೋಪಿ ಇಟ್ಟುಕೊಂಡು ಹೊರಟೇಬಿಟ್ಟರು. ನೂಲು ತರಲು ಹೋದರು ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ.

ಹೆಂಡತಿ ಗಿರಿಜಾ ಅಡುಗೆಮನೆಯಿಂದ ದುಮುದುಮು ಬಂದಳು. "ನಿಮಗ ಬುದ್ಧಿ ಐತೇನ್ರಿ? ಕೊಟ್ಟ ಅರಿವಿ ಚಲೋ ಇಲ್ಲ ಅಂದಂಗಾತು ಅಪ್ಪಗ!"

"ನಾ ಎಲ್ಲಿ ಹಂಗಂದೆ?"

"ಮತ್ತ ಹೆಂಗಂದ್ರಿ?"

ಹೌದು, ಹೇಗೆ ಅಂದೆ? ನನಗೇ ಗೊಂದಲ. ಅಗ್ಗದ ಹತ್ತಿಯದನ್ನು ಕೇಳಿದರೆ ಟೆರಿಲಿನ್ನಿಗಿಂತ ತುಟ್ಟಿಯದನ್ನು ಕೇಳಿದಂತಾಗುವುದು ಯಾವ ಲೆಕ್ಕ?

ದೀಪ ಹಚ್ಚುವ ಹೊತ್ತಿಗೆ ಮಾವ ಗದಗಿನ ಪೇಟೆಯಿಂದ ಬಂದರು. ಕೈಯಲ್ಲೊಂದು ಪೊಟ್ಟಣ. ಬಿಚ್ಚಿದರೆ ಮತ್ತೆ ಟೆರಿಲಿನ್! ಹಿಂದಿನವುಗಳಿಗಿಂತ ಮಿರಿಮಿರಿ ಮಿಂಚುವಂಥದ್ದು.

"ಇಡೀ ಅಂಗಡ್ಯಾಗ ಇದಾ ಮೆತ್ತನ್ನದಂತ್ರಿ. ಮುಟ್ಟಿ ನೋಡ್ರಿ, ಅಳಿಯಾರ."

ಅಷ್ಟು ದೂರ ನಡೆದು ಬಂದಿದ್ದರೂ ಅವರ ಅಂಗಿ ಮೈಗೆ ಅಂಟಿರಲಿಲ್ಲ. ನನಗೆ ಹೊಟ್ಟೆ ಉರಿಯಿತು.

"ಮಾವಾರ, ನೀವು ನೇಯ್ದಿದ್ದನ್ನ ಕೊಡ್ರಿ ಅಂದೆ ನಾ."

ಅವರು ನಕ್ಕೇಬಿಟ್ಟರು. "ಅದನ್ನ ಅಳಿಯಗ ಹೆಂಗ ಕೊಡಾಕ ಬರ್ತೈತ್ರಿ? ಅದು ಮನಿಮಂದಿ ಹಾಕ್ಕೊಳ್ಳೋದು."

ಮನೆಮಂದಿ! ಹಾಗಾದರೆ ನಾನು ಯಾರು? ಅವರ ಮಗಳನ್ನು ಕಟ್ಟಿಕೊಂಡು, ಅವರ ಮೊಮ್ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಿರುಗುವವನು ಇನ್ನೂ ಬೀಗರ ಪೈಕಿಯೇ? ಖರೆ ಹೇಳುತ್ತೇನೆ, ಮನಸ್ಸಿಗೆ ನೋವಾಯಿತು. ಆದರೆ ಪೊಟ್ಟಣ ಹಿಡಿದು ನಿಂತ ಆ ಮನುಷ್ಯನ ಮುಖದಲ್ಲಿದ್ದ ಅಕ್ಕರೆಯ ಮೇಲೆ ಹೇಗೆ ಸಿಟ್ಟಾಗುವುದು? ಸುಮ್ಮನೆ ಹೋಗಿ ದರ್ಜಿಗೆ ಅಳತೆ ಕೊಟ್ಟು ಬಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಗಿರಿಜಾಳಿಗೆ ಕನಿಕರ ಬಂತು. "ಇರ್ಲಿ ಬಿಡ್ರಿ. ಈಗ ಇದ್ದಾವೆಲ್ಲಾ ಹರೀಲಿ, ಆಮ್ಯಾಲ ಅಪ್ಪಗ ನಾನಾ ಕೇಳ್ತೀನಿ."

ಹರಿದ ಮೇಲಂತೆ! ಓದುಗರೇ, ಟೆರಿಲಿನ್ ಅಂಗಿ ಹರಿದದ್ದನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದೀರಾ?